ಉರುಸಿನ ಗಂಧ ತೇಯುವ ಮನೆ

ಫೋನ್ ಕೆಳಗಿಟ್ಟ ಮೇಲೂ ಆ ಶಬ್ದ ಜಯಲತಾಳ ಬಾಯಲ್ಲಿ ಅಂಟಿಕೊಂಡೇ ಇತ್ತು, ನೀರಿಲ್ಲದೆ ನುಂಗಲು ಹೋದ ಮಾತ್ರೆಯ ಹಾಗೆ. ಸೂತಕ. ಹೇಳಬೇಕೆಂದು ಯೋಚಿಸಿಟ್ಟದ್ದಲ್ಲ. ಕಲ್ಯಾಣದಿಂದ ಮೆಹರುನ್ನೀಸಾ ಆಪಾ ಫೋನ್ ಮಾಡಿ, ನಾಳೆ ಉರುಸಿನ ಸಂದಲ್ ಅಲ್ಲವೇ, ಗಂಧದ ಕೊರಡನ್ನು ಇವತ್ತೇ ಕಳಿಸಲೇ ಎಂದು ಕೇಳಿದ್ದರು. ಪ್ರತಿ ವರ್ಷ ಕೇಳುವ ಪ್ರಶ್ನೆ. ಇವಳು ಹೂಂ ಎನ್ನುವುದು, ಅವರು ಮೊಮ್ಮಕ್ಕಳ ಸುದ್ದಿ ಹೇಳುವುದು, ಇಬ್ಬರೂ ಮಂಡಿನೋವಿನ ಎಣ್ಣೆಯ ಬಗ್ಗೆ ಮಾತಾಡಿ ಫೋನ್ ಇಡುವುದು. ಈ ಸಲ ಹೂಂ ಎನ್ನಬೇಕಾದ ಜಾಗದಲ್ಲಿ ನಾಲಿಗೆ ತಾನಾಗಿಯೇ ಪಕ್ಕಕ್ಕೆ ಹೊರಳಿತು. ಇಲ್ಲ ಆಪಾ, ನಮಗೆ ಸೂತಕ ಬಂದಿದೆ ಎಂದುಬಿಟ್ಟಳು. ಯಾರು ಹೋದರು ಎಂದು ಅವರು ಕೇಳದೆ ಇರುವವರಲ್ಲ ಎಂದು ಹೊಳೆಯುವ ಮೊದಲೇ ಅವರು ಕೇಳಿಯಾಗಿತ್ತು. ಎದುರಿನ ಗೋಡೆಯಲ್ಲಿ ಊರಿನಿಂದ ಬಂದ ಪಂಚಾಂಗದ ಕ್ಯಾಲೆಂಡರ್ ನೇತಾಡುತ್ತಿತ್ತು. ಅದನ್ನು ವರ್ಷವರ್ಷವೂ ನೆನಪಿನಿಂದ ಕಳಿಸುವವರು ಗಂಗಚಿಕ್ಕಮ್ಮ. ಗಂಡ ರಘುಪತಿಯ ಚಿಕ್ಕಪ್ಪನ ಹೆಂಡತಿ, ಸಾಲಿಗ್ರಾಮದ ಮನೆಯಲ್ಲಿ ಮಗ ಸೊಸೆಯರ ಜೊತೆ ಗಟ್ಟಿಮುಟ್ಟಾಗಿ ಇರುವವರು. ಗಂಗಚಿಕ್ಕಮ್ಮ ಎಂದಳು.

ಮೆಹರ್ ಆಪಾ ಗದಗಿನ ಆ ತವರಿನ ಕನ್ನಡದಲ್ಲಿ, ಕಲ್ಯಾಣಕ್ಕೆ ಸೊಸೆಯಾಗಿ ಬಂದು ಇಷ್ಟು ಕಾಲವಾದರೂ ತೊಳೆದು ಹೋಗದ ಕನ್ನಡದಲ್ಲಿ ಹೇಳಿದರು: "ಇಂಥಾದ್ದು ಹೇಳಿ ಬರ್ತದೇನ ತಂಗಿ. ಗಂಧದ ಚಿಂತಿ ನೀ ಬಿಡು, ನಾ ನೋಡ್ಕೋತೀನಿ. ಊಟಾ ಮಾತ್ರ ಬಿಡಬ್ಯಾಡ."

ಬೇರೆ ಏನನ್ನೂ ಕೇಳಲಿಲ್ಲ. ಹತ್ತು ದಿನ ಗಂಧ ಮುಟ್ಟುವ ಹಾಗಿಲ್ಲ, ದೇವರ ಮುಂದೆ ದೀಪ ಹಚ್ಚುವ ಹಾಗಿಲ್ಲ ಎಂದು ಅವರಿಗೆ ವಿವರಿಸಬೇಕಾಗಿಯೂ ಬರಲಿಲ್ಲ. ಈ ಮನೆಯ ನಿಯಮಗಳೆಲ್ಲ ಅವರಿಗೆ ಗೊತ್ತು. ಗೊತ್ತಿರುವುದರಿಂದಲೇ ಸುಳ್ಳು ಇಷ್ಟು ಸಲೀಸಾಗಿ ಒಳಗೆ ಹೋಯಿತು, ಎಣ್ಣೆ ಹಾಕಿದ ಬೀಗದೊಳಗೆ ಕೀಲಿಕೈ ಹೋದ ಹಾಗೆ. ಅವರು ತನ್ನ ಮಡಿಯನ್ನು ಗೌರವಿಸುತ್ತಾರೆ ಎಂಬ ಒಂದೇ ಧೈರ್ಯದ ಮೇಲೆ ತಾನು ಅವರಿಗೆ ಸುಳ್ಳು ಹೇಳಿದೆ ಎಂಬುದು ಜಯಲತಾಳಿಗೆ ಅರ್ಥವಾಗಿ ಕಿವಿಯ ಹಿಂಭಾಗ ಬಿಸಿಯಾಯಿತು.

ರಬಾಳೆಯ ಆಫೀಸಿಗೆ ಹೊರಟಿದ್ದ ಮಗಳು ಸಂಜನಾ ಚಾರ್ಜರ್ ಹುಡುಕುತ್ತಾ ಬಂದವಳು ಬಾಗಿಲಲ್ಲೇ ನಿಂತಿದ್ದಳು. "ಅಮ್ಮಾ, ಕೌನ್ ಗಯಾ?" ಯಾರೂ ಇಲ್ಲ ಎಂದಳು ಜಯಲತಾ. "ಫಿರ್ ಸೂತಕ್ ಕಿಸ್ಕಾ?" ಲೇಟಾಗುತ್ತದೆ ಹೋಗು, ಥಾಣೆಯಲ್ಲಿ ಗಾಡಿ ತಪ್ಪುತ್ತದೆ ಎಂದು ಇವಳು ಗದರಿದಳು. ಮಗಳು ಒಂದು ಕ್ಷಣ ಅಮ್ಮನ ಮುಖ ನೋಡಿ, ಭುಜ ಕುಣಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮನೆ ಖಾಲಿಯಾದ ಮೇಲೆ ಜಯಲತಾಳಿಗೆ ಬೇರೊಂದು ಹೆದರಿಕೆ ಹತ್ತಿತು, ಹೇಳಿದ್ದು ನಿಜವಾಗಿಬಿಟ್ಟರೆ ಎಂದು. ತಡೆಯಲಾಗದೆ ಸಾಲಿಗ್ರಾಮಕ್ಕೆ ಫೋನ್ ಮಾಡಿದಳು. ತುಂಬ ಹೊತ್ತು ಗಂಟೆ ಹೊಡೆಯಿತು. ಕೊನೆಗೆ ಎತ್ತಿದವರು ಚಿಕ್ಕಮ್ಮನೇ. "ಏಗಳೂ ಫೋನ್ ಮಾಡ್ದವಳಲ್ಲ, ಇವತ್ತ್ ಎಂತಕ್ಕೆ ಮಾಡ್ದೆ?" ಸುಮ್ಮನೆ ಎಂದಳು ಜಯಲತಾ. ಸುಮ್ಮನೆ ಫೋನ್ ಮಾಡುವಷ್ಟು ಪ್ರೀತಿ ಇದ್ದವರು ಯಾರೂ ಮುಂಬಯಿಯ ಆ ಮನೆಯಲ್ಲಿಲ್ಲ ಎಂಬುದು ಚಿಕ್ಕಮ್ಮನ ಅಭಿಪ್ರಾಯ. "ನಾ ಸತ್ರೂ ನಿಮ್ಗೆ ಗೊತ್ತಾಪ್ದ್ ಹನ್ನೊಂದ್ನೇ ದಿನವೇ ಸೈ," ಎಂದರು. ಹಾಗೆಲ್ಲ ಹೇಳಬೇಡಿ ಎನ್ನುವಾಗ ಜಯಲತಾಳ ದನಿ ನಿಜವಾಗಿಯೂ ನಡುಗಿತು. ಅದನ್ನು ಕೇಳಿ ಚಿಕ್ಕಮ್ಮ ಮೆತ್ತಗಾಗಿ, ತನ್ನ ಬಿ.ಪಿ., ಸೊಸೆ ಸಾರಿಗೆ ಹಾಕುವ ಹುಳಿ, ಬಾವಿಯ ರಾಟೆ, ಎಲ್ಲವನ್ನೂ ವಿಸ್ತಾರವಾಗಿ ಹೇಳಿದರು. ಇವಳು ಎಲ್ಲವನ್ನೂ ಕೇಳಿದಳು. ಅವರು ಇಷ್ಟು ಚೆನ್ನಾಗಿ ಮಾತಾಡುತ್ತಾರೆಂದು ಇವಳಿಗೆ ಈವರೆಗೆ ಗೊತ್ತಿರಲಿಲ್ಲ.

ಸಾಣೆಕಲ್ಲು ದೇವರ ಕಪಾಟಿನ ಕೆಳಗೆ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅತ್ತೆ ಉಡುಪಿಯಿಂದ ಮುಂಬಯಿಗೆ ಬಂದಾಗ ಹಾಸಿಗೆಯ ಒಳಗೆ ಸುತ್ತಿ ತಂದದ್ದು. ಆಗ ಮನೆ ಕಲ್ಯಾಣದ ಹಳೆಯ ಪೇಟೆಯಲ್ಲಿ, ಖಾಡಿಯ ಉಪ್ಪುನೀರಿನ ಕಡೆಗೆ ಇಳಿಯುವ ಗಲ್ಲಿಯ ಚಾಳಿನಲ್ಲಿ. ಗಲ್ಲಿಯ ಕೊನೆಗೆ ಮಸೀದಿ, ಮಸೀದಿಯ ಅಂಗಳದಲ್ಲಿ ಹಸಿರು ಚಾದರ ಹೊದ್ದ ಒಬ್ಬ ಹಿರಿಯರ ಗೋರಿ. ವರ್ಷಕ್ಕೊಮ್ಮೆ ಅವರ ಉರುಸು. ಗೋರಿಗೆ ಹಚ್ಚುವ ಗಂಧವನ್ನು ತಟ್ಟೆಯಲ್ಲಿಟ್ಟು ಮೆರವಣಿಗೆಯಲ್ಲಿ ಒಯ್ಯುವುದಕ್ಕೆ ಅಲ್ಲಿ ಸಂದಲ್ ಎನ್ನುತ್ತಾರೆ. ಯಾವುದೋ ಒಂದು ವರ್ಷ ಆ ತಟ್ಟೆ ಚಾಳಿನ ಮುಂದೆ ಹಾದುಹೋಗುವಾಗ ಅತ್ತೆ ಮೂಗು ಸಿಂಡರಿಸಿ, ಇದು ಗಂಧವಲ್ಲ, ಮರದ ಹೊಟ್ಟಿಗೆ ಸೆಂಟು ಹಾಕಿದ್ದು ಎಂದುಬಿಟ್ಟರಂತೆ, ಎಲ್ಲರಿಗೂ ಕೇಳುವ ಹಾಗೆ. ಪಕ್ಕದ ಕೋಣೆಗೆ ಹೊಸದಾಗಿ ಬಂದಿದ್ದ ಮೆಹರುನ್ನೀಸಾ, ಕನ್ನಡ ಕೇಳಿದ ಖುಷಿಗೋ ಅವಮಾನಕ್ಕೋ, ಹಾಗಾದ್ರ ನೀವ ತೇದ ಕೊಡ್ರಿ ಎಂದಳಂತೆ. ಮುಂದಿನ ವರ್ಷ ಅತ್ತೆ ನಿಜವಾಗಿಯೂ ತೇದು ಕೊಟ್ಟರು. ಮಡಿಯುಟ್ಟು, ಬಾಯಿ ಮುಚ್ಚಿಕೊಂಡು, ದೇವರಿಗೆ ತೇಯುವ ಅದೇ ಕಲ್ಲಿನಲ್ಲಿ. ಹಾಗೆ ಅದು ಮನೆಯ ಕೆಲಸವಾಯಿತು. ಮದುವೆಯಾಗಿ ಬಂದ ಮೊದಲ ವರ್ಷವೇ ಅತ್ತೆ ಜಯಲತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಒತ್ತಬೇಡ, ಕಲ್ಲು ಗಂಧವನ್ನು ತಾನೇ ತೆಗೆದುಕೊಳ್ಳುತ್ತದೆ, ನೀನು ಸುತ್ತು ಸಾಕು. ಅಂಗೈಯ ಬುಡದಲ್ಲಿ ಗುಳ್ಳೆಯೆದ್ದು ಇವಳು ಅತ್ತದ್ದು, ಮೆಹರ್ ಆಪಾ ಬಾಗಿಲಿಗೆ ಬಂದು, ಹೊಸಾ ಸೊಸಿ ಕೈಗೆ ಇಷ್ಟು ಕೆಲಸ ಕೊಡ್ತಾರೇನ್ರಿ ಎಂದು ಅತ್ತೆಯನ್ನು ಬೈದದ್ದು, ಸಂಜೆ ಅಂಗಳದಲ್ಲಿ ಮೀನುಗಾರ ಕೋಳಿ ಸಮುದಾಯದ ಹೆಂಗಸರು ಮೀನಿನ ಬುಟ್ಟಿ ತೊಳೆದಿಟ್ಟು ಹೂವಿನ ಮಾಲೆ ಹಿಡಿದು ನಿಂತದ್ದು, ಸಿಂಧಿ ಅಂಗಡಿಯವನು ಎಲ್ಲರಿಗೂ ಶರಬತ್ತು ಹಂಚಿದ್ದು, ಗಣೇಶೋತ್ಸವದ ಮಂಡಳದ ಹುಡುಗರು ಸೀಟಿ ಊದಿ ರಿಕ್ಷಾಗಳನ್ನು ತಿರುಗಿಸಿದ್ದು. ಆ ಗುಂಪಿನ ನಡುವೆ ತನ್ನ ಕೈಯ ಗುಳ್ಳೆಯ ಗಂಧ ಬೆಳ್ಳಿಯ ಬಟ್ಟಲಲ್ಲಿ ಯಾರದೋ ತಲೆಯ ಮೇಲೆ ಹೋಗುತ್ತಿರುವುದನ್ನು ನೋಡಿ ಅವಳಿಗೆ ಮೊದಲ ಬಾರಿಗೆ, ಈ ಊರಿನಲ್ಲಿ ತಾನು ಬದುಕಬಹುದು ಅನ್ನಿಸಿತ್ತು.

ಡೊಂಬಿವಲಿಯ ಈ ಟವರಿಗೆ ಬಂದ ಮೇಲೂ, ಅತ್ತೆ ಹೋದ ಮೇಲೂ ಅದು ನಿಲ್ಲಲಿಲ್ಲ. ಗಂಧ ಸ್ಟೀಲಿನ ಡಬ್ಬಿಯಲ್ಲಿ ಲೋಕಲ್ ಗಾಡಿ ಹತ್ತತೊಡಗಿತು, ಅಷ್ಟೇ. ಅಂಬರನಾಥದ ತನ್ನ ಹೊಟೇಲಿನಿಂದ ರಘುಪತಿ ಉರುಸಿಗೆ ಬರುವ ಜನಕ್ಕೆಂದು ದೊಡ್ಡ ಪಾತ್ರೆಯಲ್ಲಿ ಶಿರಾ ಕಳಿಸುವುದೂ ನಡೆದೇ ಇತ್ತು. ಕಳೆದ ವರ್ಷ ಸಂಜನಾ, ಅಮ್ಮ ಗಂಧದ ಬಟ್ಟಲು ಹಿಡಿದು ಮಸೀದಿಯ ಮೆಟ್ಟಿಲ ಮೇಲೆ ನಿಂತ ಫೋಟೋ ತೆಗೆದು, ಮೈ ಮದರ್ ಎಂದು ಸ್ಟೇಟಸ್ಸಿಗೆ ಹಾಕಿದ್ದಳು. ಎಷ್ಟು ಹೆಮ್ಮೆಯಿಂದ ಹಾಕಿದ್ದಳು. ಅದನ್ನು ಯಾರು ನೋಡಿದರೋ, ಯಾರು ಯಾರಿಗೆ ತೋರಿಸಿದರೋ. ಅದರ ಮುಂದಿನ ಶನಿವಾರ ಟವರಿನ ಕೆಳಗಿನ ಹಾಲ್‌ನಲ್ಲಿ ಕನ್ನಡ ಭಜನಾ ಮಂಡಳಿ. ಮಂಗಳಾರತಿ ಆಗಿ ಜಯಲತಾ ಗಂಧದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಂದಾಗ ಅದೇ ಟವರಿನ ನಳಿನಾಕ್ಷಿ ಬೆರಳು ಚಾಚಿದವಳು ಅರ್ಧಕ್ಕೇ ನಿಲ್ಲಿಸಿ ಕಣ್ಣು ಮಿಟುಕಿಸಿದಳು. "ಇದು ಅಲ್ಲಿ ಉಳಿದದ್ದಲ್ಲ ತಾನೆ ಮಾರಾಯ್ತಿ?" ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ನಳಿನಾಕ್ಷಿ ಕೆಟ್ಟವಳೂ ಅಲ್ಲ. ರಘುಪತಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಮೂರು ಹೊತ್ತೂ ಗಂಜಿ ತಂದವಳು. ನಗುತ್ತಲೇ ಅವಳು ಗಂಧ ತೆಗೆದು ಹಣೆಗೆ ಹಚ್ಚಿಕೊಂಡಳು. ಜಯಲತಾಳೂ ನಕ್ಕಳು. ನಕ್ಕು ಸುಮ್ಮನಿದ್ದಿದ್ದರೆ ಸಾಕಿತ್ತು. "ಇಲ್ಲಪ್ಪ, ಅದಕ್ಕೆ ಬೇರೆಯೇ ಕಲ್ಲು," ಎಂದಳು.

ಬೇರೆ ಕಲ್ಲು. ಆ ರಾತ್ರಿಯೇನೂ ನಿದ್ದೆ ಕೆಡಲಿಲ್ಲ. ಆದರೆ ಮರುದಿನ ಪೂಜೆಗೆ ಗಂಧ ತೇಯಲು ಕೂತಾಗ ಕಲ್ಲಿನ ನಡುವಿನ ತಗ್ಗು ಕಣ್ಣಿಗೆ ಬಿತ್ತು. ಯಾವ ತಗ್ಗು ಯಾವ ದೇವರಿಗೆ ತೇದದ್ದರಿಂದ ಆಯಿತು ಎಂದು ಹೇಳುವ ಹಾಗಿರಲಿಲ್ಲ. ಅಂದಿನಿಂದ ಅವಳು ಮನಸ್ಸಿನಲ್ಲೇ ಉರುಸು ಬರುವುದನ್ನು ದೂರ ತಳ್ಳುತ್ತಾ ಬಂದಿದ್ದಳು, ದಂತವೈದ್ಯರ ಬಳಿ ಹೋಗುವುದನ್ನು ತಳ್ಳುವ ಹಾಗೆ. ಯಾರೂ ಅವಳನ್ನು ತಡೆದಿರಲಿಲ್ಲ. ತಡೆದಿದ್ದರೆ ಜಗಳವಾಡಬಹುದಿತ್ತು. ನಕ್ಕವರ ಜೊತೆ ಜಗಳವಾಡುವುದು ಹೇಗೆ, ಅದರಲ್ಲೂ ತಾನೇ ನಕ್ಕಿರುವಾಗ.

ಮಧ್ಯಾಹ್ನ ಹುಳಿ ಕುದಿಯುತ್ತಿತ್ತು. ಇಂಗು, ಸಾಸಿವೆ, ಬೇವಿನೆಲೆ ಹಾಕಿ ಒಗ್ಗರಣೆ ಸುರಿದು ಮುಚ್ಚಳ ಮುಚ್ಚುವಷ್ಟರಲ್ಲಿ ಬೆಲ್ಲು ಬಡಿಯಿತು. ಬಾಗಿಲಿನ ಕಿಂಡಿಯಲ್ಲಿ ಕಂಡದ್ದು ಮೆಹರ್ ಆಪಾ. ಕಪ್ಪು ಬುರ್ಖಾ, ಕೈಯಲ್ಲಿ ಬಟ್ಟೆಯ ಚೀಲ, ಸ್ಟೇಷನ್ನಿನ ಮೆಟ್ಟಿಲಿನ ಸೇತುವೆ ಹತ್ತಿ ಇಳಿದು ಬಂದ ಏದುಸಿರು. ಜಯಲತಾಳ ಕೈ ಮೊದಲು ಹೋದದ್ದು ತಲೆಗೆ. ಮುಡಿದಿದ್ದ ಮಲ್ಲಿಗೆಯ ತುಂಡನ್ನು ಕಿತ್ತು ಚಪ್ಪಲಿಯ ಸ್ಟ್ಯಾಂಡಿನ ಹಿಂದೆ ಎಸೆದಳು. ಬಾಗಿಲು ತೆಗೆಯುವಾಗ ಮುಖದಲ್ಲಿ ದುಃಖ ತರಬೇಕೋ ಬೇಡವೋ ಎಂಬುದು ಗೊತ್ತಾಗದೆ, ಎರಡರ ನಡುವಿನ ಒಂದು ಮುಖ ಅವಳಿಗೆ ಬಂತು.

ಆಪಾ ಒಳಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತರು, ಸೋಫಾದವರೆಗೆ ಬರಲಿಲ್ಲ. ಸೂತಕದ ಮನೆಗೆ ಬೇಯಿಸಿದ್ದನ್ನು ತರಬಾರದಲ್ಲ, ಅದಕ್ಕೆ ಹಣ್ಣು ಎಂದು ಚೀಲದಿಂದ ಬಾಳೆಯ ಚಿಪ್ಪು ತೆಗೆದು ಟೀಪಾಯಿಯ ಮೇಲೆ ಇಟ್ಟರು. ಏಲಕ್ಕಿ ಬಾಳೆ. ರಘುಪತಿಗೆ ಇಷ್ಟವಾದದ್ದು. ರಘುಪತಿ ಊರಿಗೆ ಹೋದನೇ ಎಂದು ಕೇಳಿದರು. ಇಲ್ಲ, ಹೊಟೇಲು ಬಿಟ್ಟು ಹೋಗಲಾಗಲಿಲ್ಲ ಎಂದಳು ಜಯಲತಾ. ಎಷ್ಟು ವಯಸ್ಸಾಗಿತ್ತು ಎಂದರು. ಎಂಬತ್ತು ದಾಟಿತ್ತು ಎಂದಳು. ಕಷ್ಟಪಟ್ಟರೇ ಎಂದರು. ಇಲ್ಲ, ಮಾತಾಡ್ತಾ ಮಾತಾಡ್ತಾ ಎಂದಳು, ಬೆಳಿಗ್ಗೆಯ ಫೋನು ನೆನಪಾಗಿ. ಒಂದೊಂದು ಉತ್ತರಕ್ಕೂ ಆಪಾ ತಲೆಯಾಡಿಸಿ, ಅಲ್ಲಾಹು ಒಳ್ಳೇದು ಮಾಡಲಿ ಎಂದರು. ಅಡುಗೆಮನೆಯಿಂದ ಇಂಗಿನ ವಾಸನೆ ಹಾಲ್‌ನ ತುಂಬ ಬಂದು ಕೂತಿತ್ತು. ಅತ್ತೆ ಇದ್ದಾಗ ಸೂತಕದ ಹತ್ತೂ ದಿನ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು ಎಂಬ ಕಟ್ಟುನಿಟ್ಟು. ಸಪ್ಪೆ ಸಾರು ಉಂಡು ರಘುಪತಿ ಕದ್ದು ಮೆಹರ್ ಆಪಾನ ಕೋಣೆಗೆ ಉಪ್ಪಿನಕಾಯಿಗೆ ಹೋಗುತ್ತಿದ್ದ. ಜಯಲತಾ ಎದ್ದು ಫ್ಯಾನ್ ಜೋರು ಮಾಡಿದಳು. ಸೆಖೆ ಎಂದಳು. ಹೌದ, ಭಾಳ ಸೆಕಿ ಎಂದರು ಆಪಾ, ಮುಖ ಎತ್ತದೆ.

ಬಹಳ ಹೊತ್ತು ಕೂರಲಿಲ್ಲ. ಚೀಲ ಎತ್ತಿಕೊಂಡು, ಮಂಡಿಯ ಮೇಲೆ ಕೈಯೂರಿ ಎದ್ದರು. ಬಾಗಿಲು ತೆರೆದು ಹೊರಗೆ ಕಾಲಿಟ್ಟರು. ತಿರುಗಿ ನೋಡಲಿಲ್ಲ, ಏನೂ ಹೇಳಲಿಲ್ಲ. ಲಿಫ್ಟಿನ ಕಡೆಗೆ ನಡೆದರು.

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದು. ಇನ್ನೊಮ್ಮೆ ಇದೇ ಕಾರಣಕ್ಕೆ ಬರುವ ಹಾಗಾಗಬಾರದು ಎಂದು ಸುಮ್ಮನೆ ಎದ್ದು ಹೋಗಬೇಕು. ಅದನ್ನು ಈ ಹೆಂಗಸು ಪಾಲಿಸಿದರು, ತಮ್ಮದಲ್ಲದ ರಿವಾಜನ್ನು, ಇಲ್ಲದ ಸಾವಿಗೆ. ಇಷ್ಟು ವರ್ಷಗಳಲ್ಲಿ ಬರ್ತೀನವಾ ಎನ್ನದೆ ಅವರು ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಬರ್ತೀನವಾ ಎಂದು ಹೇಳಿ ಆಮೇಲೆ ಬಾಗಿಲಲ್ಲೇ ಇನ್ನಷ್ಟು ಹೊತ್ತು ನಿಂತು ಮಾತಾಡುವವರು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಜಯಲತಾಳಿಗೆ ತಾನು ಯಾರನ್ನು ಸಾಯಿಸಿದೆ ಎಂಬುದು ಒಮ್ಮೆಲೇ ಕಂಡಿತು, ಅದು ಗಂಗಚಿಕ್ಕಮ್ಮನಲ್ಲ. ಆಪಾ ಇನ್ನು ಬರುವುದಿಲ್ಲ. ಮುಂದಿನ ವರ್ಷ ಫೋನ್ ಬರುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ, ಅಷ್ಟೇ, ನಿಲ್ಲುತ್ತದೆ.

ಅವಳು ಬರಿಗಾಲಲ್ಲೇ ಮೆಟ್ಟಿಲಿಳಿದಳು. ಕೆಳಗೆ ಬಂದಾಗ ಆಪಾ ಗೇಟಿನ ಬಳಿ, ಮಕ್ಕಳ ಜಾರುಬಂಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ವಾಚ್‌ಮನ್ ಇವಳ ಕಾಲು ನೋಡಿದ.

"ಆಪಾ, ಸೂತಕ ಇಲ್ಲ. ಯಾರೂ ಸತ್ತಿಲ್ಲ."

"ಗೊತ್ತೈತಿ," ಎಂದರು ಆಪಾ. "ನಿನ್ನ ಒಗ್ಗರಣಿ ವಾಸನಿ ಲಿಫ್ಟಿನ್ಯಾಗ ಸಿಕ್ತು ನನಗ."

"ಮತ್ತೆ ಎಂತಕ್ಕೆ ಏನೂ ಹೇಳಲಿಲ್ಲ?"

"ಏನಂತ ಹೇಳ್ಲಿ? ಬಾಳೆಹಣ್ಣ ತಂದೀನಿ, ಹೆಣ ಎಲ್ಲೈತಿ ಅಂತ ಕೇಳ್ಲೇನು?"

ಜಯಲತಾ ಅವರ ಪಕ್ಕದಲ್ಲಿ ಕೂತಳು. ಬಿಸಿಲಿಗೆ ಬೆಂಚು ಕಾದಿತ್ತು. ಮಂಡಳಿಯ ವಿಷಯ, ಸ್ಟೇಟಸ್ಸಿನ ಫೋಟೋ, ನಗು, ಬೇರೆ ಕಲ್ಲು ಎಂದದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣದೆಂದು ಅವಳಿಗೇ ಕಂಡು, ಇಷ್ಟಕ್ಕಾಗಿಯೇ ಎಂದು ಇನ್ನಷ್ಟು ನಾಚಿಕೆಯಾಯಿತು. ಜಾರುಬಂಡಿಯ ಮೇಲೆ ಒಣಗಿದ ಎಲೆಯೊಂದು ಅರ್ಧ ಜಾರಿ ನಿಂತಿತ್ತು, ಆಪಾ ಅದನ್ನೇ ನೋಡುತ್ತಿದ್ದರು.

ಆಮೇಲೆ ತಮ್ಮದನ್ನು ಹೇಳಿದರು. ಅವರ ಮನೆಯಲ್ಲೂ ಮಾತು ಎದ್ದಿತ್ತು. ಮೈದುನನ ಮಗ ಹೊಸದಾಗಿ ದೀನಿನ, ಅಂದರೆ ಧರ್ಮದ, ಪಾಠಗಳಿಗೆ ಹೋಗುತ್ತಾನೆ. ಗೋರಿಗೆ ಗಂಧ ಹಚ್ಚುವುದೇ ಸರಿಯಲ್ಲ, ಅದರಲ್ಲೂ ಬೇರೆ ಧರ್ಮದವರ ಮನೆಯಿಂದ ಯಾಕೆ ತರಿಸುತ್ತೀರಿ, ಅಂಗಡಿಯಲ್ಲಿ ಪುಡಿ ಸಿಗುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ. ಒಳ್ಳೆಯ ಹುಡುಗನೇ. ಅವರ ಮಂಡಿಗೆ ಎಣ್ಣೆ ತಿಕ್ಕುವವನೂ ಅವನೇ. "ಮುಂಜಾನೆ ನೀ ಸೂತಕ ಅಂದಿ ನೋಡು, ನನಗ ಒಂದ್ ಗಳಿಗಿ ಹಗುರ ಆತು ಜಯಾ. ಈ ವರ್ಷ ಅವಂಗ ಉತ್ತರಾ ಕೊಡೂದು ತಪ್ತಲ್ಲಾ ಅಂತ. ಫೋನ್ ಇಟ್ಟ ಮ್ಯಾಲ ನನ್ನ ಮಾರಿ ನನಗ ನೋಡ್ಕೊಳ್ಳಾಕ ಆಗ್ಲಿಲ್ಲ. ಅದಕ್ಕ ಗಾಡಿ ಹತ್ತಿ ಬಂದೆ. ಮ್ಯಾಲ ಬಂದ್ರ ನಿನ್ನ ಮನ್ಯಾಗ ಇಂಗು ಘಮಾ ಘಮಾ." ಅವರ ದನಿಯಲ್ಲಿ ನಗು ಬಂದು ಮುರಿದು ಹೋಯಿತು. "ಸಿಟ್ಟ ಬಂತು. ಎದ್ದ ಹೋಗ್ಬೇಕು, ಹೊಳ್ಳಿ ನೋಡಬಾರದು ಅಂತ ಬಂತು."

ಕ್ಷಮಿಸಿ ಎಂಬ ಮಾತು ಇಬ್ಬರ ನಡುವೆ ಎಂದೂ ಬಳಕೆಯಲ್ಲಿರಲಿಲ್ಲ, ಈಗ ಹೊಸದಾಗಿ ತರುವುದು ಹೇಗೆ. ಕೊರಡು ಎಲ್ಲಿದೆ ಎಂದು ಜಯಲತಾ ಕೇಳಿದಳು. ಆಪಾ ಚೀಲವನ್ನು ಅವಳ ಮಡಿಲಿಗೆ ತಳ್ಳಿದರು. ತಳದಲ್ಲಿ, ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿದ ಕೊರಡು. ಬೇಕೆಂದೇ ತಂದದ್ದಲ್ಲ, ಬಾಳೆಹಣ್ಣು ಇಡುವಾಗ ಕೈ ತಾನೇ ಇಟ್ಟಿತು ಎಂದರು. ಆದರೆ ಸೂತಕದ ಸುದ್ದಿ ಬೆಳಿಗ್ಗೆಯೇ ಉರುಸಿನ ಕಮಿಟಿಗೆ ಮುಟ್ಟಿತ್ತು. ಮೆಹರ್ ಆಪಾ ಕಮಿಟಿಯಲ್ಲಿದ್ದ ಮೈದುನನಿಗೆ ಫೋನ್ ಹಚ್ಚಿದರು. ಸತ್ತದ್ದು ಹತ್ತಿರದವರಲ್ಲ, ದೂರದ ಸಂಬಂಧದ ಚಿಕ್ಕಮ್ಮ, ಅಂಥವರಿಗೆ ಸ್ನಾನ ಮಾಡಿದರೆ ಸೂತಕ ಕಳೆಯಿತು, ಜಯಾನ ಸ್ನಾನ ಆಗಿದೆ, ಗಂಧ ಬರುತ್ತದೆ ಎಂದು ಶಾಸ್ತ್ರ ಓದಿದವರ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಇಟ್ಟರು. ಜಯಲತಾ ಬೆರಗಾಗಿ ನೋಡಿದಳು. "ನಿಮ್ಮತ್ತಿನ ಹೇಳಿಕೊಟ್ಟದ್ದ," ಎಂದರು ಆಪಾ. ರಿಕ್ಷಾ ಹತ್ತುವಾಗ ತಿರುಗಿ, ಬರ್ತೀನವಾ, ಎಂದರು. ಹತ್ತಿ ಕೂತ ಮೇಲೂ ರಿಕ್ಷಾದವನನ್ನು ತಡೆದು, ಶಿರಾಕ್ಕೆ ತುಪ್ಪ ಹೋದ ಸಲ ಕಡಿಮೆಯಾಗಿತ್ತು ಎಂದು ರಘುಪತಿಗೆ ಹೇಳು ಎಂದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಜಯಲತಾ ಹಾಲ್‌ನಲ್ಲಿ ಮಣೆ ಹಾಕಿ ಕೂತಳು. ಮುಂಬಾಗಿಲನ್ನು ತೆರೆದಿಟ್ಟಳು. ಈ ಟವರಿನಲ್ಲಿ ಯಾರೂ ಬಾಗಿಲು ತೆರೆದಿಡುವುದಿಲ್ಲ. ತೆರೆದ ಬಾಗಿಲು ನೋಡಿ ಹಾಲಿನವನು ಏನಾದರೂ ಆಗಿದೆಯಾ ಎಂದು ಕೇಳಿ ಹೋದ. ಕಲ್ಲಿಗೆ ನೀರು ಚಿಮುಕಿಸಿ ಕೊರಡು ಸುತ್ತತೊಡಗಿದಳು. ಮೊದಲು ಬರೀ ನೀರು, ಆಮೇಲೆ ಮಬ್ಬು, ಆಮೇಲೆ ನಿಧಾನವಾಗಿ ಕೆನೆಯಂತಹ ಗಂಧ. ಮಂಡಳಿಯ ಲೆಕ್ಕದ ಚೀಟಿಗೋ ಕೊತ್ತಂಬರಿ ಸೊಪ್ಪಿಗೋ ನಳಿನಾಕ್ಷಿ ಬಂದವಳು ಹೊಸ್ತಿಲಲ್ಲೇ ನಿಂತಳು. ಮೂಗು ಅರಳಿಸಿದಳು. ಇವತ್ತು ಉರುಸಾ ಎಂದಳು. ಹೌದು ಎಂದಳು ಜಯಲತಾ. ಎದೆ ಬಡಿಯುತ್ತಿತ್ತು, ಪರೀಕ್ಷೆಗೆ ಕೂತವಳ ಹಾಗೆ; ಈ ವಯಸ್ಸಿನಲ್ಲಿ ಇಷ್ಟಕ್ಕೆ ಎದೆ ಬಡಿಯುತ್ತದಲ್ಲ ಎಂದು ನಾಚಿಕೆಯೂ ಆಯಿತು.

"ಕಲ್ಲು ಒಂದೇ ನಳಿನಾಕ್ಷಿ. ಬೇರೆ ಇಲ್ಲ. ಅವತ್ತು ಸುಳ್ಳು ಹೇಳಿದ್ದು ನಾನು."

ನಳಿನಾಕ್ಷಿಗೆ ಯಾವತ್ತು, ಯಾವ ಕಲ್ಲು ಎಂಬುದು ತಕ್ಷಣ ನೆನಪಾಗಲಿಲ್ಲ. ಇವಳು ವರ್ಷವಿಡೀ ಹೊತ್ತುಕೊಂಡು ತಿರುಗಿದ ಮಾತು ಅವಳ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಆಮೇಲೆ ನೆನಪಾಯಿತೇನೋ, ಕೆನ್ನೆ ಸ್ವಲ್ಪ ಕೆಂಪಾಯಿತು. "ಭುಜ ನೋಯ್ತದಲ್ಲ ನಿನಗೆ," ಎಂದಷ್ಟೇ ಹೇಳಿ, ಬಂದ ಕೆಲಸ ಹೇಳದೆಯೇ ಹೋದಳು. ಮುಂದಿನ ಶನಿವಾರ ಅವಳು ಗಂಧಕ್ಕೆ ಬೆರಳು ಚಾಚುತ್ತಾಳೋ ಇಲ್ಲವೋ ತಿಳಿಯದು. ಜಯಲತಾ ಮತ್ತೆ ಸುತ್ತಿದಳು. ಒತ್ತಲಿಲ್ಲ.

ಸಂಜೆ ಗಂಧದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಲೇಡೀಸ್ ಬೋಗಿಯಲ್ಲಿ ಕಲ್ಯಾಣಕ್ಕೆ ಹೋದಳು. ಬೆವರು, ಗಜರೆ, ವಡಾಪಾವಿನ ನಡುವೆ ಗಂಧದ ವಾಸನೆ ಒಬ್ಬೊಬ್ಬರ ತಲೆಯನ್ನೂ ಇತ್ತ ತಿರುಗಿಸಿತು. ಗಲ್ಲಿಯಲ್ಲಿ ದೀಪದ ಸರಗಳು, ದಫ್ ಬಡಿತ, ಅಗರಬತ್ತಿಯ ಹೊಗೆ. ಮಂಡಳದ ಹುಡುಗರು ಈಗ ನಡುವಯಸ್ಸಿನವರಾಗಿ, ಹೊಟ್ಟೆ ಬಂದು, ಅದೇ ಸೀಟಿ ಊದುತ್ತಿದ್ದರು. ಶಿರಾದ ಪಾತ್ರೆಯ ಜೊತೆ ಬಂದಿದ್ದ ರಘುಪತಿಯನ್ನು ಯಾರು ಯಾರೋ ತಬ್ಬಿಕೊಳ್ಳುತ್ತಿದ್ದರು. ಚಿಕ್ಕಮ್ಮನ ಸಾವಿನ ಸುದ್ದಿಯನ್ನು ಅವನಿಗೆ ಹಿಂದಿನ ರಾತ್ರಿ ಹೇಳಿದಾಗ ಅವನು ಊಟ ನಿಲ್ಲಿಸಿ, ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲ, ನಾನು ಬೇರೆಯವರ ಹೆಸರು ಹೇಳುತ್ತಿದ್ದೆ ಎಂದಿದ್ದ. ಈಗ ತಬ್ಬಿಕೊಂಡವರಿಗೆಲ್ಲ, ವಯಸ್ಸಾಗಿತ್ತು ಎಂದು ಮೆಲುದನಿಯಲ್ಲಿ ಹೇಳುತ್ತಾ ಹೆಂಡತಿಯ ಕಡೆ ಒಮ್ಮೆ ನೋಡಿದ. ಗಂಧ ಬಟ್ಟಲಿಗೆ ಬಂತು, ಬಟ್ಟಲು ಹೂವಿನ ತಟ್ಟೆಗೆ, ತಟ್ಟೆ ಆಪಾನ ಮೈದುನನ ತಲೆಗೆ. ಪಕ್ಕದಲ್ಲಿ ಅವನ ಮಗ, ಪಾಠಗಳಿಗೆ ಹೋಗುವವನು, ತಟ್ಟೆ ಮುಟ್ಟಲಿಲ್ಲ. ಆದರೆ ಅಪ್ಪ ಎಡವದಂತೆ ಮೊಣಕೈ ಹಿಡಿದು ಉದ್ದಕ್ಕೂ ನಡೆದ.

ಗಂಧ ಹಚ್ಚಿ ಆದ ಮೇಲೆ ಮೌಲಾನಾ ಮೈಕಿನ ಮುಂದೆ ದುವಾಕ್ಕೆ ನಿಂತರು. ಊರಿನ ನೀರಿಗೆ ದುವಾ, ಆಸ್ಪತ್ರೆಯಲ್ಲಿರುವವರಿಗೆ ದುವಾ, ಪರೀಕ್ಷೆ ಬರೆಯುವ ಮಕ್ಕಳಿಗೆ ದುವಾ. ಕಲೆತ ಜನ, ತಲೆ ಮುಚ್ಚಿದವರು ಮುಚ್ಚದವರು, ಕುಂಕುಮದವರು, ಕೊರಳಲ್ಲಿ ಶಿಲುಬೆಯವರು, ಅಂಗಳ ತುಂಬ ನಿಂತಿದ್ದರು. ಆಮೇಲೆ ಈ ವರ್ಷ ತೀರಿಕೊಂಡವರ ಹೆಸರುಗಳು. ಕೊನೆಯ ಹೆಸರಿಗೆ ಮೈಕು ಒಮ್ಮೆ ಕಿರುಚಿ ಸರಿಹೋಯಿತು: ಡೊಂಬಿವಲಿಯ ನಮ್ಮ ರಘುಪತಿ ಭಾಯಿಯವರ ಚಾಚಿ, ಗಂಗಾಬಾಯಿ.

ಮೆಹರ್ ಆಪಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದರು. ಸೂತಕ ಕಳೆದದ್ದನ್ನು ಹೇಳಿದ್ದೆ, ಈ ಹೆಸರು ತೆಗೆಯಿರಿ ಎನ್ನುವುದು ಮರೆತೇ ಹೋಯಿತು ಎಂದು ಪಿಸುಗುಟ್ಟಿದರು. ಅವರ ಭುಜ ನಡುಗುತ್ತಿತ್ತು. ಜಯಲತಾ ಅವರ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅಂಗಳದ ಕೈಗಳೆಲ್ಲ ಮೇಲೆದ್ದವು. ಗಂಡಸರ ಕಡೆ ರಘುಪತಿಯೂ ಗಂಭೀರವಾಗಿ ಎರಡೂ ಕೈ ಎತ್ತಿದ. ಇವಳೂ ಎತ್ತಿದಳು. ಅಂಗೈಯ ಬುಡ ಉರಿಯುತ್ತಿತ್ತು.

"ಇರ್ಲಿ ಬಿಡು," ಎಂದರು ಆಪಾ ನಗು ತಡೆದುಕೊಂಡು. "ಇವತ್ತಲ್ಲ ನಾಳೆ ಬೇಕಾಗೂದ ಐತಿ. ಜಮಾ ಇರ್ಲಿ ಮುದುಕಿಗೆ."

ಪಕ್ಕದಲ್ಲಿ ನಿಂತಿದ್ದ ಕೋಳಿ ಹೆಂಗಸೊಬ್ಬಳು, ಹೆಸರೂ ಗೊತ್ತಿಲ್ಲದವಳು, ಇವಳೇ ಆ ಮನೆಯ ಸೊಸೆ ಎಂದು ಯಾರಿಂದಲೋ ತಿಳಿದವಳು, ಹತ್ತಿರ ಸರಿದಳು. "ಖೂಪ್ ವಯ ಝಾಲಂ ಹೋತಂ ಕಾ?" ತುಂಬ ವಯಸ್ಸಾಗಿತ್ತೇ ಎಂದು ಕೇಳಿ, ಹೂವಿನ ತಂಪು ಇನ್ನೂ ಅಂಟಿದ್ದ ಕೈಯಿಂದ ಇವಳ ಬೆನ್ನು ಸವರಿದಳು. ಇಲ್ಲ, ಇನ್ನೂ ಇದ್ದಾರೆ ಎನ್ನಲು ಜಯಲತಾ ಬಾಯಿ ತೆರೆದಳು. ಬಂದದ್ದು ಅಳು. ಅತ್ತೆ ಹೋದಾಗಲೂ ಬಾರದೆ, ಹದಿಮೂರು ದಿನವೂ ಅಡುಗೆ, ಭಟ್ಟರು, ಬಂದವರು ಹೋದವರು ಎಂದು ಓಡಾಡಿ ಮುಗಿಸಿದ್ದ ಅಳು. ಯಾಕೆ, ಯಾರಿಗೆ ಎಂದು ಆ ಹೆಂಗಸು ಕೇಳಲಿಲ್ಲ, ಸವರುತ್ತಲೇ ಇದ್ದಳು. ಸುತ್ತಲೂ ಎಲ್ಲರೂ ಒಟ್ಟಿಗೆ ಆಮೀನ್ ಎಂದರು, ಜಯಲತಾಳೂ ಅಂದಳು.